ಸಂಪಿಗೆ ಸೆರಗಿಗೆ ಅಡ್ಡ ನಿಂತ ಇಬ್ಬರು ಕಾವಲುಗಾರರಿಗೆ

ಮಾನ್ಯ ಮನೆ ಕಾವಲುಗಾರರೇ, ಮಾನ್ಯ ಬಾಡಿಗೆ ಕಾವಲುಗಾರರೇ,

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯಿಸಿ ಬದುಕುವ ಮಲ್ಲಿಕಾರ್ಜುನಸ್ವಾಮಿಯು ತಮ್ಮಿಬ್ಬರಿಗೂ ಏಕಕಾಲಕ್ಕೆ ಮಾಡುವ ಶರಣು ಶರಣಾರ್ಥಿಗಳು. ಯಾರ ಹೆಸರನ್ನು ಮೊದಲು ಬರೆದರೆ ಇನ್ನೊಬ್ಬರು ಮುನಿಸಿಕೊಂಡು ಈ ಪತ್ರವನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸುತ್ತೀರೋ ಎಂಬ ಭಯದಲ್ಲಿ ಬೆಳಗಿನಿಂದ ಪೆನ್ನು ಕಚ್ಚಿಕೊಂಡು ಕೂತಿದ್ದೆ. ಕೊನೆಗೆ ಹಿರಿತನ ನೋಡಿ, ಕಂಪ್ಯೂಟರಿನ ಜೊತೆಯಲ್ಲೇ ಹುಟ್ಟಿಬಂದ ಫೈರ್‌ವಾಲ್ ಮಹಾಶಯರನ್ನು ಮುಂದಿಟ್ಟಿದ್ದೇನೆ. ಆಮೇಲೆ ಪ್ರತ್ಯೇಕವಾಗಿ ತಂದು ಕೂರಿಸಿದ ಫೈರ್‌ವಾಲ್ ಮಹಾಶಯರು ದಯವಿಟ್ಟು ದೊಡ್ಡ ಮನಸ್ಸು ಮಾಡಬೇಕು.

ತಮ್ಮನ್ನು ನೇಮಿಸಿಕೊಂಡ ಕಾರಣವನ್ನು ತಾವು ಮರೆತಿದ್ದರೆ ನೆನಪಿಸುತ್ತೇನೆ. ಕಳೆದ ದೀಪಾವಳಿಗೆಂದು ನಾವು ಕಂಪ್ಯೂಟರಿನಲ್ಲಿ ಬರೆಸಿಟ್ಟಿದ್ದ ಗಂಡಭೇರುಂಡದ ಸೆರಗು ನಮ್ಮ ಮಗ್ಗದಿಂದ ಇಳಿಯುವ ಮೊದಲೇ ಎದುರು ಬೀದಿಯ ಅಂಗಡಿಯ ಗಾಜಿನೊಳಗೆ ಜೋತುಬಿದ್ದಿತ್ತು. ಹೊಟ್ಟೆ ಉರಿದುಹೋಯಿತು ಸ್ವಾಮೀ! ಯಾರೋ ಕಂಪ್ಯೂಟರಿಗೆ ನುಗ್ಗಿ ಕದ್ದಿದ್ದಾರೆಂದು ಯಳಂದೂರಿನ ಕಂಪ್ಯೂಟರ್ ಅಂಗಡಿಯ ಪರಮೇಶನನ್ನು ಕರೆಸಿದೆ. ಅವನು ಬಾಡಿಗೆ ಕಾವಲುಗಾರರಾದ ತಮ್ಮನ್ನು ಪ್ರತಿಷ್ಠಾಪಿಸಿ, "ಇನ್ಮೇಲೆ ಇವ್ರೇ ನೋಡ್ಕತಾರೆ ಸಾ, ಅಳೇ ಫೈರ್‌ವಾಲ್ ತಾನಾಗೇ ಪಕ್ಕಕ್ ಸರ್ಕಂಡದೆ, ಅದ ಮುಟ್ಬೇಡಿ, ಇಬ್ರನ್ನೂ ಒಟ್ಗೆ ಏಳ್ಸುದ್ರೆ ಎಡವಟ್ಟಾಯ್ತದೆ" ಎಂದು ಹೇಳಿ ಹೋದ.

ಆದರೆ ನಾನು ಹುಟ್ಟಿದ್ದು ಹೂಗ್ಯಂನಲ್ಲಿ. ಕಾಡಿನಂಚಿನ ನಮ್ಮ ರಾಗಿ ಹೊಲಗಳಿಗೆ ಒಂದೇ ಮನೆಯವರು ಕಾವಲು ಕೂತ ಉದಾಹರಣೆಯೇ ಇಲ್ಲ. ಎರಡು ಮನೆಯವರು ಎರಡು ಅಟ್ಟಣೆ ಹಾಕಿ, ಈ ಕಡೆಯವನು "ಓ..." ಎಂದು ಕೂಗಿದರೆ ಆ ಕಡೆಯವನು "ಓ..." ಎಂದು ಓಗೊಡಬೇಕು, ಓಗೊಡದಿದ್ದರೆ ಅವನು ನಿದ್ದೆ ಹೊಡೆಯುತ್ತಿದ್ದಾನೆ, ಇಲ್ಲವೇ ಆನೆ ಬಂದಿದೆ ಎಂದು ಅರ್ಥ. ಇಂಥ ಊರಿನವನು ಒಬ್ಬನೇ ಕಾವಲುಗಾರನನ್ನು ನಂಬುವುದುಂಟೇ? ಪರಮೇಶನ ಬೈಕು ಬೀದಿ ದಾಟಿದ್ದೇ ತಡ, ಪಕ್ಕಕ್ಕೆ ಸರಿದು ಮಲಗಿದ್ದ ಹಳಬರನ್ನೂ ತಟ್ಟಿ ಎಬ್ಬಿಸಿ ಕೂರಿಸಿದೆ. ಜೋಡಿ ಕಾವಲು ಆಯಿತೆಂದು ಆ ದಿನ ನನ್ನನ್ನು ನಾನೇ ಮೆಚ್ಚಿಕೊಂಡು ಎರಡು ಹೋಳಿಗೆ ಹೆಚ್ಚು ತಿಂದೆ.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನನ್ನ ಮಗಳು ಮಾಲಿನಿಗೆ ಶಾಗ್ಯದ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಬಿಳಿಗಿರಿ ಬೆಟ್ಟದಲ್ಲಿ ಕಂಡ ಸಂಪಿಗೆಯನ್ನು ಅವಳೇ ಕೈಯಾರೆ ಬರೆದು, ತನ್ನ ಧಾರೆ ಸೀರೆಯ ಸೆರಗಿನಲ್ಲಿ ಅದೇ ಅರಳಬೇಕು, ಮದುವೆಯ ದಿನದವರೆಗೆ ಯಾರ ಕಣ್ಣಿಗೂ ಬೀಳಕೂಡದು ಎಂದು ಕೇಳಿಕೊಂಡಿದ್ದಳು. ಸೀರೆಯ ಒಡಲೆಲ್ಲ ನೇಯ್ದು ಮುಗಿದು, ಇನ್ನೇನು ಸೆರಗು ಶುರುವಾಗಬೇಕು, ಮಗ್ಗ ನಿಂತಿತು. ಸಂಪಿಗೆಯ ಚಿತ್ರ ಕಂಪ್ಯೂಟರಿನಿಂದ ತಂತಿಯಲ್ಲಿ ಹರಿದು ಮಗ್ಗದ ತಲೆಯ ಮೇಲಿನ ಡಬ್ಬಿಗೆ ಹೋಗಬೇಕು, ಅದು ಹೋಗಲೊಲ್ಲದು. ನಮ್ಮ ನೇಕಾರ ನಂಜಯ್ಯ ಲಾಳಿ ಹಿಡಿದುಕೊಂಡೇ ಒಳಗೆ ಬಂದು, "ಸಾ, ಮಗ್ಗುಕ್ಕೆ ಚಿತ್ರಾನೇ ಬತ್ತಿಲ್ಲ ಕಣ್ರಿ, ಊವ ಎಲ್ಲೋ ದಾರೀಲಿ ಕುಂತ್ಬುಟ್ಟದೆ" ಎಂದ.

ದಾರಿಯಲ್ಲಿ ಕೂರಿಸಿದವರು ತಾವು! ಬಾಡಿಗೆಯವರೇ, ಹತ್ತು ವರ್ಷದಿಂದ ಈ ಮನೆಯ ಅನ್ನದ ಮೂಲವಾಗಿರುವ ಮಗ್ಗವನ್ನು ನೋಡಿ 'ಅಪರಿಚಿತ ಯಂತ್ರ' ಎಂದು ಕೆಂಪಕ್ಷರದಲ್ಲಿ ಷರಾ ಬರೆದಿದ್ದಿರಿ. ಅಲ್ಲಾ ಸ್ವಾಮೀ, ನಿನ್ನೆ ಬಂದವರು ತಾವು, ಅಪರಿಚಿತ ಅದೇ? ಇರಲಿ, ತಮ್ಮ ಕೈಕಾಲು ಹಿಡಿದು ಮಗ್ಗಕ್ಕೆ ಅನುಮತಿ ಪಡೆದೆ. ಆಗ ಹಳಬರ ಸ್ವಾಭಿಮಾನ ಕೆರಳಿ, ಅವರೂ ಮಗ್ಗಕ್ಕೆ ಅಡ್ಡ ನಿಂತರು. ಅವರನ್ನು ಒಲಿಸಲು ಸಿಕ್ಕಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ. ಹಿಂದಿನ ಅನುಮತಿಗಳೆಲ್ಲ ಒಟ್ಟಿಗೆ ಅಳಿಸಿಹೋಗಿ, ಮಗ್ಗದ ಜೊತೆಗೆ ಬಿಲ್ಲು ಮುದ್ರಿಸುವ ಪ್ರಿಂಟರೂ ಗಡೀಪಾರಾಯಿತು. ಒಬ್ಬರು ಬಿಟ್ಟರೆ ಇನ್ನೊಬ್ಬರು ಹಿಡಿಯುವುದು, ಇವರು ಬಿಟ್ಟರೆ ಅವರು ಹಿಡಿಯುವುದು. ಅತ್ತ ಮಾಲಿನಿ ಸೆರಗಿಲ್ಲದ ಸೀರೆಯನ್ನು ಸವರುತ್ತಾ ಮಗ್ಗದ ಪಕ್ಕ ಕೂತು, ಊಟಕ್ಕೆ ಕರೆದರೂ ಏಳದೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ತಮ್ಮಿಬ್ಬರ ಮೇಲೆ ನನಗೆ ಬಂದ ಸಿಟ್ಟನ್ನು ಈ ಸಭ್ಯ ಭಾಷೆಯಲ್ಲಿ ಬರೆಯಲಾರೆ.

ನನ್ನ ಒಂದೇ ಒಂದು ದೂರು ಇದು: ತಮ್ಮಿಬ್ಬರ ನಡುವೆ ಕೂಗೇ ಇಲ್ಲ! ಒಂದೇ ಹೊಲ ಕಾಯುವವರು ಒಮ್ಮೆಯಾದರೂ "ಓ..." ಎಂದಿದ್ದರೆ, 'ಇದು ನಮ್ಮ ಮಗ್ಗ ಕಣಪ್ಪ, ಬಿಡು' ಎಂಬ ಮಾತು ಆಕಡೆಯಿಂದ ಈಕಡೆಗೆ ಬರುತ್ತಿತ್ತು. ಆದ್ದರಿಂದ ತಾವಿಬ್ಬರೂ ಬೇಸಿಗೆ ರಜೆಯಲ್ಲಿ ಹೂಗ್ಯಂಗೆ ಹೋಗಿ, ಎದುರುಬದುರು ಅಟ್ಟಣೆಯಲ್ಲಿ ಕೂತು, ಹಂದಿ ಬಂದಾಗ ಕೂಗುವುದನ್ನೂ, ಹೊಲದ ಯಜಮಾನ ಬುತ್ತಿ ಹೊತ್ತು ಬಂದಾಗ ಸುಮ್ಮನಿರುವುದನ್ನೂ ಕಲಿತು ಬರಬೇಕೆಂದು ಪ್ರಾರ್ಥಿಸುತ್ತೇನೆ. ಪ್ರಮಾಣಪತ್ರ ತಂದರೆ ಗೋಡೆಗೆ ತೂಗುಹಾಕುವ ಜವಾಬ್ದಾರಿ ನನ್ನದು.

ಕೊನೆಗೆ ಮತ್ತೆ ಪರಮೇಶನೇ ಬರಬೇಕಾಯಿತು. "ಎದ್ದಿರೋರು ಒಬ್ರು ಸಾಕು ಅಂತ ಅವತ್ತೇ ಯೋಳ್ಲಿಲ್ವಾ ಸಾ?" ಎಂದು ಗದರಿ, ಬಾಡಿಗೆಯವರಿಗೆ ಗೌರವಪೂರ್ವಕ ವಿದಾಯ ಹೇಳಿ, ಹಳಬರ ಕಿವಿಯಲ್ಲಿ ಮಗ್ಗದ ಹೆಸರು ಹೇಳಿದ. ಅವನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಗ್ಗ ಸದ್ದು ಮಾಡಿತು. ಮಾಲಿನಿಯ ಸಂಪಿಗೆ ಎಳೆ ಎಳೆಯಾಗಿ ಮೇಲೆದ್ದಿತು, ಮುಹೂರ್ತಕ್ಕೆ ಸೀರೆಯೂ ಸಿದ್ಧವಾಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹನೂರಿನ ಕಲ್ಯಾಣ ಮಂಟಪದಲ್ಲಿ ಮಾಲಿನಿ ಸೀರೆಯುಟ್ಟು ಹೊರಬರುವ ಹೊತ್ತಿಗೆ, ಗಂಡಿನ ಅಣ್ಣನ ಹೆಂಡತಿ ಕುಸುಮ ಎದುರಿಗೆ ಬಂದಳು. ಅವಳ ಸೆರಗಿನಲ್ಲೂ ಅದೇ ಸಂಪಿಗೆ! ಅದೇ ಎಸಳು, ಅದೇ ಬಾಗು! ಕಳ್ಳ ಮತ್ತೆ ಕಂಪ್ಯೂಟರಿಗೆ ನುಗ್ಗಿದನೆಂದೇ ನಾನು ತಿಳಿದೆ. ಕುಸುಮ ಮಾತ್ರ ಮುಖ ಅರಳಿಸಿ, "ನಿಮ್ಮಜ್ಜಿ ಸ್ಟೇಟಸ್ ಆಕಿದ್ರಲ್ಲ ಕಣಮ್ಮಿ, ಆವತ್ತೇ ನೋಡಿ ನೇಯ್ಸ್‌ಬುಟ್ಟೆ. ಓರಗಿತ್ತೀರು ಇಬ್ರೂ ಜೋಡಿ ಉಟ್ಕಂಡ್ರೆ ಎಷ್ಟ್ ಚೆಂದ!" ಎಂದಳು.

ಎಲ್ಲರೂ ತಿರುಗಿ ನೋಡಿದರೆ ನಮ್ಮಮ್ಮ ಮಹಾದೇವಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಎಲೆಅಡಿಕೆ ಮೆಲ್ಲುತ್ತಿದ್ದಳು. ಕಂಪ್ಯೂಟರಿನ ಪರದೆಯ ಫೋಟೋ ಹೊಡೆದು ಬಂಧುಬಳಗಕ್ಕೆಲ್ಲ ತೋರಿಸಿದ್ದಳು. "ನಮ್ಮುಡ್ಗಿ ಬರ್ದಿರ ಊವ ನಾಕ್ ಜನ ನೋಡ್ಲಿ ಬುಡ್ಲಾ, ಬಚ್ಚಿಟ್ಕಂಡು ಏನ್ ಮಾಡೀಯೆ?" ಎಂದು ನನ್ನನ್ನೇ ಗದರಿದಳು. ಮಾಲಿನಿ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಬಿಕ್ಕುತ್ತಾಳೇನೋ ಎಂದುಕೊಂಡರೆ ನಕ್ಕೇಬಿಟ್ಟಳು. ಕುಸುಮಳ ಕೈ ಹಿಡಿದುಕೊಂಡೇ ಧಾರೆಗೆ ನಡೆದಳು.

ತಮ್ಮಿಬ್ಬರ ಮೇಲೂ ಸಮಸಮವಾಗಿ ವಿಶ್ವಾಸವಿಟ್ಟು ಕೆಟ್ಟ,
ಮಲ್ಲಿಕಾರ್ಜುನಸ್ವಾಮಿ
ಕೊಳ್ಳೇಗಾಲ

ಮರೆತ ಮಾತು: ದೀಪಾವಳಿಯ ಗಂಡಭೇರುಂಡ ಹಾರಿಹೋದದ್ದೂ ಇದೇ ಸ್ಟೇಟಸ್ಸಿನ ಕಿಟಕಿಯಿಂದ ಎಂದು ಮದುವೆ ಮನೆಯಲ್ಲೇ ತಿಳಿಯಿತು. ಆದ್ದರಿಂದ ನಮ್ಮಮ್ಮನ ಫೋನಿಗೆ ಒಬ್ಬರು ಕಾವಲುಗಾರರು ತುರ್ತಾಗಿ ಬೇಕಾಗಿದ್ದಾರೆ. ತಾವಿಬ್ಬರೂ ಅರ್ಜಿ ಹಾಕಬಹುದು. ಆಕೆಯ ಎದುರಿಗೆ ನಿಂತು 'ಅನುಮತಿ ಇಲ್ಲ' ಎಂದು ಒಂದು ಸಲ ಹೇಳಿ ತೋರಿಸಿದವರಿಗೆ ಕೆಲಸ ಖಾಯಂ. ನನಗಂತೂ ಐವತ್ತೈದು ವರ್ಷದಿಂದ ಸಾಧ್ಯವಾಗಿಲ್ಲ.