ಹಳ್ಳಕ್ಕೊಂದು ಸೇತುವೆ ಕೇಳಿದ ಮೆಂಬರಮ್ಮ

ಗ್ರಾಮ ಪಂಚಾಯ್ತಿ ಮೆಂಬರ್ ಆದವರಿಗೆ ಮಾನ ಹೋಗೋಕೆ ವಿಶೇಷ ದಿನ ಅಂತೇನೂ ಬೇಕಾಗಿಲ್ಲ, ವಾರದ ಏಳು ದಿನವೂ ಹೋಗುತ್ತೆ. ನನ್ನದು ಹೆಚ್ಚಾಗಿ ಹೋಗಿರೋದು ಒಂದು ಹಳ್ಳದ ದೆಸೆಯಿಂದ. ನಮ್ಮೂರಿರೋದು ಅಜ್ಜಂಪುರ ತಾಲ್ಲೂಕಿನ ಕಟ್ಟಕಡೆಗೆ. ಬಸ್ಸು ನಿಲ್ಲೋ ದೊಡ್ಡ ರಸ್ತೆಗೆ ಎರಡು ಮೈಲಿ ಹೋಗಬೇಕು, ಮಧ್ಯದಲ್ಲಿ ಈ ಹಳ್ಳ. ಜೋರು ಮಳೆ ಬಂದರೆ ಮಕ್ಕಳು ಸ್ಕೂಲಿಗಿಲ್ಲ, ಹಾಲು ಡೈರಿಗಿಲ್ಲ. ಎಲೆಕ್ಷನ್ ಟೈಮಲ್ಲಿ ನಾನು ಮೈಕ್ ಹಿಡಿದು, ಸೇತುವೆ ಮಾಡಿಸದಿದ್ದರೆ ಮತ್ತೆ ಓಟು ಕೇಳೋಕೆ ನಿಮ್ಮ ಬಾಗಿಲಿಗೆ ಬರಲ್ಲ ಅಂದುಬಿಟ್ಟೆ. ಹಾಗೆ ಹೇಳು ಅಂತ ಯಾರೂ ಕೇಳಿರಲಿಲ್ಲ.

1. ಅರ್ಧ ಸೇತುವೆ

ಹಳ್ಳದ ಈ ದಡ ನಮ್ಮದು, ಆ ದಡ ಕಡೂರು ತಾಲ್ಲೂಕು. ನಮ್ಮ ಕಡೆ ನಾಯಕರ ಹತ್ತಿರ ಹೋದರೆ, ಸೇತುವೆ ಇಳಿಯೋದು ಅವರ ಕಡೆ, ಅವರೇ ಅನುದಾನ ಹಾಕಲಿ ಅಂದರು. ಆ ಕಡೆಯವರ ಹತ್ತಿರ ಹೋದರೆ, ದಾಟೋ ಜನ ನಿಮ್ಮವರು, ಅವರು ಓಟು ಹಾಕೋದೂ ಅಲ್ಲೇ, ನಾವ್ಯಾಕೆ ಹಾಕಬೇಕು ಅಂದರು. ನಮ್ಮ ಹಳೇ ತಾಲ್ಲೂಕು ತರೀಕೆರೆಗೆ ಹೋಗಿ ವಿಚಾರಿಸಿದೆ. ನೀವು ಬೇರೆ ತಾಲ್ಲೂಕು ಆದಮೇಲೆ ಇಲ್ಲಿಗೆ ಯಾಕಮ್ಮ ಬರ್ತೀರಿ ಅಂತ ಕಾಫಿ ಕೊಟ್ಟು ಕಳಿಸಿದರು. ಮೂರು ಊರು ಸುತ್ತಿ ನನ್ನ ಚಪ್ಪಲಿ ಸವೀತು, ತಲೆ ಕೆಟ್ಟುಹೋಯ್ತು.

ಕೊನೆಗೆ ಒಂದು ಮೀಟಿಂಗಿನಲ್ಲಿ ಎದ್ದು ನಿಂತು, ಜಗಳ ಯಾಕೆ, ನಮ್ಮ ಪಾಲಿನ ಅರ್ಧ ಸೇತುವೆ ನಾವು ಕಟ್ಟಿಕೊಳ್ತೀವಿ, ಅಷ್ಟಕ್ಕೆ ದುಡ್ಡು ಕೊಡಿ ಅಂತ ಗಟ್ಟಿಯಾಗಿ ಕೇಳಿದೆ. ಎಂಥಾ ನ್ಯಾಯ ಹೇಳಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಳ್ತಾ ಇದ್ದೆ. ಇಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ಸರಿ ಕಣಮ್ಮ. ಮಧ್ಯಕ್ಕೆ ಹೋದ ಮೇಲೆ ಬಸ್ಸಿಗೆ ಹೋಗೋರು ನೆಗೀತಾರಾ, ಈಜ್ತಾರಾ?"

2. ರಸ್ತೆ ತಡೆ

ಅರ್ಜಿಗೆ ಬಗ್ಗದಿದ್ದರೆ ರಸ್ತೆ ತಡೆ ಅಂತ ಹೊರಟೆ. ಊರ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಹಳ್ಳದ ಪಕ್ಕ ರಸ್ತೆಗೆ ಅಡ್ಡ ಜಮಖಾನ ಹಾಸಿ ಕೂತೆವು. ಧಿಕ್ಕಾರ ಕೂಗಿದೆವು. ಒಂದು ಗಂಟೆ ಆಯ್ತು, ಎರಡು ಗಂಟೆ ಆಯ್ತು, ತಡೆಯೋಣ ಅಂದರೆ ಒಂದು ಗಾಡಿಯೂ ಬರಲಿಲ್ಲ. ಆ ರಸ್ತೆ ನಂಬಿಕೊಂಡು ಯಾರು ಬರ್ತಾರೆ? ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೀಲಿಲ್ಲ. ಹೊಟ್ಟೆ ಚುರುಗುಟ್ಟೋ ಹೊತ್ತಿಗೆ ಊರ ಕಡೆಯಿಂದ ಒಂದು ಮೊಪೆಡ್ ಕಾಣಿಸ್ತು. ಎಲ್ಲರೂ ಹುರುಪಿನಿಂದ ಎದ್ದು ಅಡ್ಡ ನಿಂತೆವು. ಬಂದಿದ್ದು ನಮ್ಮ ಯಜಮಾನರು, ಮುಂದೆ ಉಪ್ಪಿಟ್ಟಿನ ಪಾತ್ರೆ.

"ಲೇ, ತಡೆಯೋದಾದ್ರೆ ತಡೀರಿ. ಉಪ್ಪಿಟ್ಟು ಆರಿಹೋದ್ರೆ ನನ್ನ ಬೈಬೇಡಿ" ಅಂದರು. ನಮ್ಮ ಹೋರಾಟ ಅಲ್ಲಿಗೆ ಮುಗೀತು.

3. ದೊಡ್ಡವರು ಬಂದರು

ಕೊನೆಗೂ ಒಂದು ದಿನ ಫೋನು ಬಂತು. ಅನುದಾನ ಕೊಡಿಸೋ ಶಕ್ತಿಯಿರೋ ದೊಡ್ಡ ನಾಯಕರೊಬ್ಬರು ನಾಳೆ ಶಿವನಿ ಊರಿಗೆ ಒಂದು ಸಭೆಗೆ ಬರ್ತಾರೆ, ಅದನ್ನ ಮುಗಿಸಿಕೊಂಡು ನಿಮ್ಮ ರಸ್ತೆ, ಹಳ್ಳ ಎರಡನ್ನೂ ಕಣ್ಣಾರೆ ನೋಡ್ತಾರೆ, ಕೆಟ್ಟಿದ್ದರೆ ಈ ಸಲದ ಪಟ್ಟಿಗೇ ಸೇರಿಸ್ತಾರೆ ಅಂತ. ಖುಷಿಗೆ ನನಗೆ ಅನ್ನವೂ ಸೇರಲಿಲ್ಲ.

ದೊಡ್ಡ ಮನುಷ್ಯರ ಕಾರು ಗುಂಡಿಗೆ ಬಿದ್ದು ಅವರ ಸೊಂಟ ಉಳುಕಿದರೆ ಊರ ಮರ್ಯಾದೆ ಏನಾಗಬೇಕು ಅಂತ ನಮ್ಮತ್ತೆ ಕೇಳಿದರು. ನನಗೂ ಹೌದಲ್ಲ ಅನ್ನಿಸ್ತು, ನೋಡಿ ನನ್ನ ಬುದ್ಧಿ. ಮನೆಗೆ ನೆಂಟರು ಬರ್ತಾರೆ ಅಂದರೆ ಅಂಗಳ ಗುಡಿಸಿ ಸಾರಿಸೋ ಅಭ್ಯಾಸ ನಮ್ಮದು. ಯಜಮಾನರ ಟ್ರ್ಯಾಕ್ಟರ್ ಹೊರಡಿಸಿ, ಊರವರನ್ನೆಲ್ಲ ಸೇರಿಸಿ, ಲೋಡುಗಟ್ಟಲೆ ಗ್ರಾವೆಲ್ ಹೊಡೆಸಿ ಗುಂಡಿ ಮುಚ್ಚಿದೆವು. ಹಳ್ಳಕ್ಕೆ ಸಿಮೆಂಟ್ ಪೈಪ್ ಇಟ್ಟು, ಮೇಲೆ ಮಣ್ಣು ಹಾಕಿ ದಮ್ಮಸ್ಸು ಹೊಡೆದು ಗಟ್ಟಿ ಮಾಡಿದೆವು. ಅದರ ಎರಡೂ ಕಡೆ ಮಾವಿನ ತೋರಣ ಬೇರೆ. ನನ್ನ ಮದುವೆಗೂ ಯಾರೂ ಇಷ್ಟು ಓಡಾಡಿರಲಿಲ್ಲ.

ಮಾರನೇ ದಿನ ಕಾರು ಬಂತು, ನೀರು ಕುಡಿದಷ್ಟು ಸಲೀಸಾಗಿ ಹಳ್ಳ ದಾಟ್ತು. ನಾಯಕರು ಇಳಿದು, ಹಿಂದೆ ತಿರುಗಿ ನೋಡಿ, ರಸ್ತೆ ಇಷ್ಟು ಚೆನ್ನಾಗಿದೆಯಲ್ಲಮ್ಮ, ಇದಕ್ಕೆ ಅರ್ಜಿ ಯಾಕೆ ಅಂತ ಕೇಳಿದರು. ಊರೆಲ್ಲ ನನ್ನ ಮುಖವನ್ನೇ ನೋಡ್ತಿತ್ತು. ನಾಚಿಕೆ ಬಿಟ್ಟು ನಿಜ ಹೇಳಿಬಿಟ್ಟೆ.

"ಸಾರ್, ಇದು ಮೊನ್ನೆವರೆಗೂ ಬರೀ ಗುಂಡಿ. ನೀವು ಬರ್ತೀರಿ ಅಂತ ನಿನ್ನೆ ನಾವೇ ಮಾಡಿದ್ದು. ಒಂದು ಮಳೆ ಬಂದ್ರೆ ಇರಲ್ಲ."

ಅವರು ಕಣ್ಣರಳಿಸಿದರು. "ಒಂದೇ ದಿನದಲ್ಲಾ?"

ಹೌದು ಸಾರ್ ಅಂದೆ. ಅವರ ಮನಸ್ಸು ಕರಗಿತು, ಇನ್ನು ಸೇತುವೆ ಬಂದಂಗೇ ಅಂದುಕೊಂಡೆ. ಅವರು ಪಕ್ಕದಲ್ಲಿದ್ದ ಇಂಜಿನಿಯರ್ ಕಡೆ ತಿರುಗಿದರು.

"ನೋಡಿ ಕಲೀರಿ. ನೀವು ವರ್ಷಗಟ್ಟಲೆ ಎಳೀತೀರಿ, ಈಯಮ್ಮ ಒಂದು ದಿನದಲ್ಲಿ ಮುಗಿಸಿದ್ದಾರೆ. ಇನ್ಮೇಲೆ ಈ ರಸ್ತೆ ಇವರಿಗೇ ಬಿಟ್ಬಿಡಿ."

ಜನ ಚಪ್ಪಾಳೆ ಹೊಡೆದರು. ಮೊದಲು ಹೊಡೆದದ್ದು ನಮ್ಮತ್ತೆ. ನನಗೊಂದು ಶಾಲು ಹೊದಿಸಿದರು, ಅನುದಾನ ಬೇರೆ ಊರಿಗೆ ಹೋಯ್ತು.

ಮೂರನೇ ದಿನವೇ ಮಳೆ ಹುಯ್ತು. ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದ ಹತ್ತು ಜನ ನಮ್ಮ ಬಾಗಿಲ ಮುಂದೆ ನಿಂತಿದ್ದರು. ಅಲ್ಲಿವರೆಗೂ ದಿನಾ ಸರ್ಕಾರವನ್ನ ಬೈತಿದ್ದ ಜನವೇ ಅವರು. ಅವತ್ತು ಒಬ್ಬರೂ ಸರ್ಕಾರದ ಸುದ್ದಿ ಎತ್ತಲಿಲ್ಲ.

"ಮೆಂಬರಮ್ಮ, ನಿಮ್ಮ ಸೇತುವೆ ಕೊಚ್ಕೊಂಡು ಹೋಯ್ತು" ಅಂದರು. "ಇವತ್ತೇ ಕಟ್ತೀರಾ, ನಾಳೆಯಾ?"