ಅಂಕಪಟ್ಟಿಗೆ ಚಿನ್ನದ ಕಟ್ಟು

ಎಲ್ಲ ಅವಾಂತರಕ್ಕೂ ಮೂಲ ಒಂದು ಡಬ್ಬಿ ಅಂಟು.

ಎರಡು ವರ್ಷದ ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಮೂವತ್ತೆಂಟು ಅಂಕ ತಂದ ದಿನದಿಂದ ಬೀದಿಯಲ್ಲಿ ಆ ಹುಡುಗಿಯ ಹೆಸರೇ ‘ಮೂವತ್ತೆಂಟು’. ಹೆಸರಿಟ್ಟವರು ಎದುರುಮನೆಯ ನಿವೃತ್ತ ಮೇಷ್ಟ್ರು. ಡಾಕ್ಟರಾಗಿಯೇ ಸೈ ಎಂದು ಹಟ ಹಿಡಿದವಳು ಹಲ್ಲು ಕಚ್ಚಿ ಮತ್ತೆ ಓದಿ, ಮತ್ತೆ ಬರೆದು, ತೊಂಬತ್ತನಾಲ್ಕು ತಂದಳು. ಹೆಸರು ಮಾತ್ರ ಬದಲಾಗಲಿಲ್ಲ.

ಇವತ್ತು ಹನ್ನೊಂದಕ್ಕೆ ಮೆಡಿಕಲ್ ಕಾಲೇಜಿನಲ್ಲಿ ಸಂದರ್ಶನ. ಮೂಲ ಅಂಕಪಟ್ಟಿ ಕಡ್ಡಾಯ. ಬೆಳಗ್ಗೆ ಫೈಲು ಬಿಚ್ಚಿದರೆ ಒಳಗಿರುವುದು ಜೆರಾಕ್ಸು! ಮೂಲಪ್ರತಿ ಗೋಡೆಯ ಮೇಲೆ, ಚಿನ್ನದ ಬಣ್ಣದ ಕಟ್ಟಿನೊಳಗೆ ಮದುವಣಗಿತ್ತಿಯ ಹಾಗೆ ಕುಳಿತಿತ್ತು. ಅಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ.

“ಅಪ್ಪಾ, ಅದನ್ನ ಬಿಚ್ಚಿಕೊಡಿ, ಬೇಗ!”

“ಬಿಚ್ಚೋದಾ?” ಅಪ್ಪನ ಎದೆ ಉಬ್ಬಿತು. “ಹಲಗೆ ಬಿಚ್ಚಬಹುದು, ಕಾಗದ ಬರಲ್ಲ. ನಾನು ಅಂಟಿಸಿದ್ದು ಇವತ್ತಿನವರೆಗೂ ಒಂದಾದ್ರೂ ಬಿಟ್ಕೊಂಡಿದೆಯೇನಮ್ಮಾ?”

ಕರೆಯದಿದ್ದರೂ ಮೇಷ್ಟ್ರು ಹಾಜರಾದರು. “ಏ ಮೂವತ್ತೆಂಟು, ಬಿಸಿನೀರಿನ ಆವಿ ಕೊಡು, ತಾನಾಗೇ ಬಿಡುತ್ತೆ.” ಆವಿ ಕೊಟ್ಟರು. ಅಂಟು ಕದಲಲಿಲ್ಲ, ಮೇಷ್ಟ್ರ ಕನ್ನಡಕ ಮಸುಕಾಗಿ, ಕೈತಪ್ಪಿದ ಕೆಟಲು ಅಪ್ಪನ ಪಾದವನ್ನು ಸವರಿಕೊಂಡು ಹೋಯಿತು. ಗಂಟೆ ಒಂಬತ್ತೂವರೆ. ಕುಂಟುವ ಅಪ್ಪ, ಕಟ್ಟು ಹೊತ್ತ ಮಗಳು, ಇಬ್ಬರೂ ಬಸ್ಸಿಗೆ ಓಡಿದರು.

ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೊಂದು ಲಗೇಜು ಟಿಕೆಟ್ ಹರಿದ. ಅಜ್ಜಿಯೊಬ್ಬರು ಚಿನ್ನದ ಕಟ್ಟು ಕಂಡದ್ದೇ ಭಕ್ತಿಯಿಂದ ಕೈಮುಗಿದರು. “ಯಾವ ದೇವರಮ್ಮಾ?” “ನನ್ನ ಮಗಳ ಕೆಮಿಸ್ಟ್ರಿ!” ಎಂದ ಅಪ್ಪ. ಅಜ್ಜಿ ಮುಗಿದ ಕೈ ಇಳಿಸಲೇ ಇಲ್ಲ.

ಕಾಲೇಜಿನ ಗುಮಾಸ್ತರು ಕಟ್ಟನ್ನೂ ಇವರನ್ನೂ ನೋಡಿದರು. “ಅಂಕಪಟ್ಟಿಯ ಹಿಂದಿನ ಸೀಲು ನೋಡ್ಬೇಕಲ್ಲಾ.”

ಅಪ್ಪ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಸಂದರ್ಶನ ಸಮಿತಿಯವರ ಮೇಜಿನ ಮೇಲೆಯೇ ಹಿಂದಿನ ಹಲಗೆ ಕಳಚಿದ. ಸೀಲಿನ ಜಾಗದಲ್ಲಿ ಇನ್ನೊಂದು ಅಂಕಪಟ್ಟಿ ಅಂಟಿಕೊಂಡಿತ್ತು. ಹಳೆಯದು. ಮೂವತ್ತೆಂಟು!

ಭೂಮಿ ಬಾಯಿಬಿಡಬಾರದೇ ಎನಿಸಿತು ಮಗಳಿಗೆ.

“ಏನಪ್ಪಾ ಇದು?” ಎಂದರು ಸಮಿತಿಯ ಹಿರಿಯ ಡಾಕ್ಟರಮ್ಮ.

“ಕಟ್ಟು ನಿಲ್ಲೋಕೆ ಬೆನ್ನಿಗೆ ಗಟ್ಟಿ ಕಾಗದ ಬೇಕು ತಾಯಿ. ನಮ್ಮನೇಲಿ ಇದಕ್ಕಿಂತ ಗಟ್ಟಿಯಾದ್ದು ಇನ್ಯಾವುದೂ ಇರ್ಲಿಲ್ಲ.”

ಡಾಕ್ಟರಮ್ಮ ಮಗಳ ಕಡೆ ತಿರುಗಿದರು. “ಮೂವತ್ತೆಂಟರಿಂದ ತೊಂಬತ್ತನಾಲ್ಕಕ್ಕೆ ಹೇಗೆ ಬಂದೆ?”

“ಮೊದಲ್ನೇ ಸಲ ಬರೀ ಬಾಯಿಪಾಠ ಮಾಡಿದ್ದೆ ಮೇಡಂ. ಆಮೇಲೆ ದಿನಾ ಅಂಗಡೀಲಿ ಕೂತು ಅಪ್ಪನಿಗೆ ಪಾಠ ಹೇಳ್ತಿದ್ದೆ. ಅವರಿಗೆ ಅರ್ಥ ಆಗೋವರೆಗೂ ಪುಟ ತಿರುಗಿಸ್ತಿರ್ಲಿಲ್ಲ.”

“ಅಂಟು ಯಾಕೆ ಅಂಟುತ್ತೆ ಅಂತ ಗೊತ್ತಾಗಿದ್ದೇ ಇವಳಿಂದ,” ಎಂದ ಅಪ್ಪ. “ಆವತ್ತಿಂದ ಕಲಸೋ ಹದಾನೇ ಬದಲಾಯ್ತು!”

ಡಾಕ್ಟರಮ್ಮ ನಕ್ಕರು. ಸೀಲನ್ನು ಅವಳು ಓದಿದ ಕಾಲೇಜಿನ ದಾಖಲೆಯಲ್ಲಿ ನೋಡಿಕೊಳ್ಳಿ ಎಂದು ಗುಮಾಸ್ತರಿಗೆ ಹೇಳಿ, ಸೀಟಿನ ಪತ್ರಕ್ಕೆ ಸಹಿ ಹಾಕಿದರು. “ಅಪ್ಪ ಅಮ್ಮ ಇಬ್ಬರ ಸಹಿ ಹಾಕಿಸಿ, ನಾಲ್ಕರೊಳಗೆ ಇದೇ ಪತ್ರ ವಾಪಸ್ ತಾ. ತಪ್ಪಿದ್ರೆ ಸೀಟು ಮುಂದಿನವರಿಗೆ.”

ಹಾರಿಕೊಂಡೇ ಮನೆ ತಲುಪಿದಳು. ಪತ್ರವನ್ನು ಅಪ್ಪನ ಕೈಗಿತ್ತು, ಹೊಲಿಗೆ ಅಂಗಡಿಯಲ್ಲಿದ್ದ ಅಮ್ಮನನ್ನು ಕರೆತರಲು ಓಡಿದಳು. ಅರ್ಧ ಗಂಟೆಯಲ್ಲಿ ಇಬ್ಬರೂ ಬಂದರೆ ಬಾಗಿಲ ತುಂಬ ಜನ, ಚಪ್ಪಾಳೆ. ಅಪ್ಪ ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದ.

“ಅಪ್ಪಾ! ಸಹಿ?”

“ಗಾಜು ಕೂರಿಸೋ ಮುಂಚೇನೇ ಹಾಕಿದೀನಮ್ಮಾ,” ಅಪ್ಪನ ಮುಖ ಕಟ್ಟಿಗಿಂತ ಹೊಳೆಯುತ್ತಿತ್ತು.

“ನಾನೇನು ಗಾಜಿನ ಮೇಲೆ ಹಾಕ್ಲಾ?” ಎಂದಳು ಅಮ್ಮ.

ಗಂಟೆ ಮೂರು ಹೊಡೆಯಿತು. ಅಪ್ಪನ ಕೈಯ ಸುತ್ತಿಗೆ ಗಾಳಿಯಲ್ಲೇ ನಿಂತಿತು. “ಬೆಳಗ್ಗೆ ಆವಿಗೆ ಹೆದರಿ, ಈ ಸಲ ಎರಡು ಪಟ್ಟು ಅಂಟು ಹಾಕ್ಬಿಟ್ಟೆ ಮಗಳೇ...”

ಅವಳು ಪತ್ರವಿದ್ದ ಹೊಸ ಚಿನ್ನದ ಕಟ್ಟನ್ನು ಒಂದು ಕಂಕುಳಲ್ಲಿ, ಸ್ಕ್ರೂಡ್ರೈವರನ್ನು ಇನ್ನೊಂದು ಕೈಯಲ್ಲಿ ಹಿಡಿದು, ಅಮ್ಮನನ್ನು ಎಳೆದುಕೊಂಡು ಬೀದಿಗಿಳಿದಳು. ಮೇಷ್ಟ್ರು ದಾರಿ ಬಿಟ್ಟು ನಿಂತು, ಎರಡು ವರ್ಷದಲ್ಲಿ ಮೊದಲ ಬಾರಿಗೆ ಹೊಸ ಹೆಸರಿನಿಂದ ಕೂಗಿದರು:

“ಡಾಕ್ಟ್ರೇ, ಬಸ್ಸು ಹೊರಡ್ತಾ ಇದೆ, ಓಡಿ!”