ನಡುಕದ ಡಾಕ್ಟರರ ಸಂಶೋಧನೆ

ಹೊಳೆನರಸೀಪುರದಲ್ಲಿ ಒಂದು ಲೋಟ ನೀರು ಖಾಲಿಯಾಯಿತು. ಇದರಿಂದ ನರರೋಗ ವಿಜ್ಞಾನಕ್ಕೆ ಆದ ನಷ್ಟವನ್ನು ಯಾವ ಪತ್ರಿಕೆಯೂ ವರದಿ ಮಾಡಲಿಲ್ಲವಾದ್ದರಿಂದ ನಾನೇ ಮಾಡುತ್ತಿದ್ದೇನೆ.

ಐವತ್ತರ ದಶಕದ ಕೊನೆಗೆ ನಾನು ಹಾಸನದಲ್ಲಿ ಒಬ್ಬ ಡಾಕ್ಟರರ ಬಳಿ ಟೈಪಿಸ್ಟ್ ಆಗಿದ್ದೆ. ವಯಸ್ಸಾದವರ ಕೈ ನಡುಗುವ ಕಾಯಿಲೆ ಅವರ ಸಂಶೋಧನೆಯ ವಿಷಯ. ವಿಲಾಯತಿಯ ವೈದ್ಯ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಗಬೇಕು, ವಿದ್ವಾಂಸರು ಅದನ್ನು ಉಲ್ಲೇಖಿಸಬೇಕು, ಇಷ್ಟೇ ಅವರ ಆಸೆ. ಇದಕ್ಕಾಗಿ ಭಾನುವಾರಗಳನ್ನೆಲ್ಲ ಬಸ್ಸಿನಲ್ಲಿ ಕಳೆದೆವು. ಏನೂ ಎಡವಟ್ಟಾಗದೆ ಮುಗಿದ ಭಾನುವಾರ ನನಗೆ ನೆನಪಿಲ್ಲ.

ಲೋಟದ ಪರೀಕ್ಷೆ

ತುಂಬಿದ ಲೋಟ ಹಿಡಿದು ಹತ್ತು ಹೆಜ್ಜೆ ನಡೆಯಬೇಕು. ಎಷ್ಟು ಚೆಲ್ಲಿತೋ ನಡುಕ ಅಷ್ಟು. ಹೊಳೆನರಸೀಪುರದ ರೈತರೊಬ್ಬರಿಗೆ ಲೋಟ ಕೊಟ್ಟು ಡಾಕ್ಟರು, "ಚೆಲ್ಲದ ಹಾಗೆ ತಗೊಂಡು ಬನ್ನಿ ಗೌಡ್ರೇ" ಎಂದರು. ಗೌಡರು ನಿಂತಲ್ಲೇ ಗಟಗಟನೆ ಕುಡಿದು, ಹತ್ತು ಹೆಜ್ಜೆ ನಡೆದು ಬಂದರು.

"ಒಂದ್ ಅನಿ ಚೆಲ್ಲಿಲ್ಲ ಸಾ, ನೋಡ್ಕಳಿ."

"ನೀರೆಲ್ಲಿ ಗೌಡ್ರೇ?"

"ತಂದಿವ್ನಲ್ಲ ಸಾ. ಒಟ್ಟೇಲೈತೆ."

ವಂಶದ ಪ್ರಶ್ನೆ

ಕಾಯಿಲೆ ವಂಶದಲ್ಲಿ ಇಳಿದು ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಅರಕಲಗೂಡಿನ ಒಂದು ಮನೆಯಲ್ಲಿ ಯಜಮಾನರ ಕೈ ನಮ್ಮೆದುರಿಗೇ ನಡುಗುತ್ತಿತ್ತು.

"ನಿಮ್ಮ ತಂದೆಯವರಿಗೂ ಹೀಗೇ ಇತ್ತೇ?"

ಉತ್ತರ ಅಡುಗೆಮನೆಯಿಂದ ಯಜಮಾನರ ಹೆಂಡತಿಯಿಂದ ಬಂತು. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಕಣಪ್ಪಾ. ಮದುವೆಗೆ ಬಂದ ಮಗಳಿದ್ದಾಳೆ, ಮೆಲ್ಲಗೆ ಮಾತಾಡಿ."

"ಮತ್ತೆ ಇವರಿಗೆ?"

"ದೊಡ್ಡ ಮಗಳನ್ನ ಕೊಟ್ಟ ಮನೇಲಿ ಬೀಗರಿಗೆ ಇದೆ. ಅಲ್ಲಿಗೆ ಹೋಗಿ ಬಂದು ಇವರಿಗೂ ಶುರುವಾಯ್ತು."

ಪಕ್ಕದ ಬೀದಿಯಲ್ಲಿದ್ದ ಆ ಬೀಗರನ್ನು ವಿಚಾರಿಸಿದೆವು. ಅವರ ಕೈಯೂ ನಡುಗುತ್ತಿತ್ತು. ಕಾರಣ ಕೇಳಿದರೆ, ಇವರ ಸಂಬಂಧ ಬೆಳೆಸಿದ್ದು ಎಂದರು. ಆ ಸಂಜೆ ನಾನು ಟೈಪು ಮಾಡಿದ ಟಿಪ್ಪಣಿ: ಈ ಊರಿನಲ್ಲಿ ಕಾಯಿಲೆ ರಕ್ತದಿಂದ ಬರುವುದಿಲ್ಲ, ಮದುವೆಯಿಂದ ಬರುತ್ತದೆ.

ಮೇಷ್ಟ್ರ ಕಾರ್ಡು

ಇನ್ನು ಉಳಿದದ್ದು ಕೈಬರಹ. ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರೊಬ್ಬರಿಗೆ ಡಾಕ್ಟರು ಹೊಸ ಮಾತ್ರೆ ಕೊಟ್ಟು, ತಿಂಗಳಿಗೊಂದು ಕಾರ್ಡು ಬರೆದು ಹಾಕಲು ಹೇಳಿದ್ದರು. ಮೊದಲನೆಯ ಕಾರ್ಡನ್ನು ಓದಲಾಗಲಿಲ್ಲ. ಎರಡನೆಯದರಿಂದ ಮುತ್ತು ಪೋಣಿಸಿದಂಥ ಅಕ್ಷರ. ಆರು ಕಾರ್ಡು ಬಂದ ಮೇಲೆ ಡಾಕ್ಟರು ಲೇಖನ ಬರೆದು ವಿಲಾಯತಿಗೆ ಕಳಿಸಿ, ಮೇಷ್ಟ್ರನ್ನು ಕಂಡು ಅಭಿನಂದಿಸಲು ಹೊರಟರು.

ಮೇಷ್ಟ್ರು ಕಾಫಿ ತಂದುಕೊಡುವಷ್ಟರಲ್ಲಿ ಅರ್ಧ ಜಮಖಾನೆಗೆ ಹೋಯಿತು. ಡಾಕ್ಟರ ಮುಖ ಬಾಡಿತು.

"ಮೇಷ್ಟ್ರೇ, ಕಾರ್ಡು ಬರೆದದ್ದು ಯಾರು?"

"ಸೊಸೆ ಸಾರ್. ಮೊದಲನೇದು ನಾನೇ ಬರೆದೆ, ನನಗೇ ನಾಚಿಕೆ ಆಯ್ತು. ಜನ್ಮವೆಲ್ಲ ಕಾಪಿ ತಿದ್ದಿಸಿದವನು, ತಮ್ಮಂಥವರಿಗೆ ಅಂಥ ಅಕ್ಷರ ಕಳಿಸೋದೇ?"

"ಮಾತ್ರೆ ತಗೊಂಡಿರಾ?"

"ಭದ್ರವಾಗಿದೆ ಸಾರ್, ಶೀಸೆ ತೆಗೆದೇ ಇಲ್ಲ. ಒಳ್ಳೇ ಔಷಧಿ, ಕಾಯಿಲೆ ಜಾಸ್ತಿ ಆದಾಗ ಇರಲಿ ಅಂತ."

ಡಾಕ್ಟರು ಮರುದಿನವೇ ನಡೆದದ್ದನ್ನು ನಡೆದಂತೆ ತಿಳಿಸಿ ಪತ್ರಿಕೆಗೆ ತಪ್ಪೊಪ್ಪಿಗೆ ಬರೆದರು. ಪತ್ರಿಕೆಯವರು ಲೇಖನವನ್ನು ವಾಪಸು ಕಳಿಸಿ, ತಪ್ಪೊಪ್ಪಿಗೆಯನ್ನು ಅಚ್ಚು ಹಾಕಿದರು. ರೋಗಿಯ ಕೈಬರಹವನ್ನು ವೈದ್ಯರು ಎದುರಿಗೆ ಕೂತೇ ಬರೆಸಿಕೊಳ್ಳಬೇಕು ಎಂಬ ಮಾತಿಗೆ ಆಧಾರವಾಗಿ ಹೊರದೇಶದ ಹಲವು ವಿದ್ವಾಂಸರು ಅದನ್ನು ಉಲ್ಲೇಖಿಸಿದ್ದಾರೆ. ಲೇಖನ ಅಚ್ಚಾಗಲಿಲ್ಲ.